ಕ್ಯಾನ್ಸರ್ ನೋವಿಗೆ ಮಾರ್ಫಿನ್: ವೈದ್ಯರು ಹಿಂಜರಿಯುವುದೇಕೆ, ನೀವು ಕೇಳಬೇಕಾದದ್ದೇನು?

ಪ್ಯಾರಾಸಿಟಮಾಲ್ ಆಯಿತು, ಟ್ರಮಡಾಲ್ ಆಯಿತು, ಆದರೂ ನಿಮ್ಮ ಮನೆಯವರು ನೋವಿನಿಂದ ರಾತ್ರಿಯಿಡೀ ಮಲಗುತ್ತಿಲ್ಲ. ವೈದ್ಯರು ಮಾರ್ಫಿನ್ ಹೆಸರೆತ್ತುತ್ತಿಲ್ಲ. ಅಥವಾ ಅವರು ಬರೆದುಕೊಟ್ಟರೂ "ಅದು ಕೊನೆಗಾಲದ ಔಷಧ, ಈಗಲೇ ಬೇಡ" ಎಂದು ನೀವೇ ಹಿಂದೆ ಸರಿಯುತ್ತಿದ್ದೀರಿ. ಈ ಹಿಂಜರಿಕೆ ಎರಡೂ ಕಡೆ ಇದೆ.

ವೈದ್ಯರ ಕಡೆಯ ಮೊದಲ ಕಾರಣ ಕಾನೂನು. ಮಾರ್ಫಿನ್ ಅಫೀಮಿನಿಂದ ಬರುವ ಔಷಧ. 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿ ಬೇಕಾಯಿತು, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅನೇಕ ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. ಔಷಧವೇ ಇಲ್ಲದ ಕಡೆ ಓದಿದ ವೈದ್ಯರಿಗೆ ಅದನ್ನು ಬರೆದು ಅಭ್ಯಾಸವಾಗುವುದು ಹೇಗೆ? 2014ರ ತಿದ್ದುಪಡಿ ಇದನ್ನು ಸಡಿಲಿಸಿತು. ಈಗ ರಾಜ್ಯದ ಔಷಧ ನಿಯಂತ್ರಕರು ಮಾನ್ಯ ಮಾಡಿದ, ತರಬೇತಿ ಪಡೆದ ವೈದ್ಯರಿರುವ ಸಂಸ್ಥೆ ಮಾರ್ಫಿನ್ ಇಟ್ಟು ಕೊಡಬಹುದು. ಹಾಗಾಗಿ "ಇಲ್ಲಿ ಸಿಗುವುದಿಲ್ಲ" ಎಂದರೆ ಅಲ್ಲಿಗೇ ಬಿಡಬೇಡಿ. "ಹತ್ತಿರದ ಮಾನ್ಯತೆ ಪಡೆದ ಕೇಂದ್ರ ಯಾವುದು?" ಎಂದು ಕೇಳಿ. ಪುಣೆಯ ವಾರ್ಜೆಯಲ್ಲಿರುವ ಸಿಪ್ಲಾ ಉಪಶಾಮಕ ಆರೈಕೆ ಕೇಂದ್ರ 1997ರಿಂದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಸೇವೆ ಕೊಡುತ್ತಿದೆ.

ಎರಡನೆಯದು ಚಟದ ಭಯ. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಕೆಲವು ವಾರ ತೆಗೆದುಕೊಂಡರೆ ದೇಹ ಔಷಧಕ್ಕೆ ಒಗ್ಗಿಕೊಳ್ಳುತ್ತದೆ, ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಬರುತ್ತದೆ. ಅದು ಚಟವಲ್ಲ. ಡೋಸ್ ನಿಧಾನವಾಗಿ ಇಳಿಸಿದರೆ ಸಾಕು. ಹಾನಿಯಾಗುತ್ತಿದ್ದರೂ ಮನಸ್ಸು ಔಷಧವನ್ನೇ ಬೇಡುವುದು ಚಟ. ನೋವಿಗೆಂದು, ನಿಗಾ ಇಟ್ಟು ಕೊಟ್ಟಾಗ ಅದು ಹೆಚ್ಚಾಗಿ ಕಾಣುವುದಿಲ್ಲ, ಆದರೆ ಅಪಾಯ ಸೊನ್ನೆಯೂ ಅಲ್ಲ. ವೈದ್ಯರು ಕುಡಿತದ ಬಗ್ಗೆ ಕೇಳಿದರೆ ಬೇಸರಿಸದೆ ನಿಜ ಹೇಳಿ.

ಮೂರನೆಯದು ಉಸಿರಾಟ ಕುಗ್ಗುವ ಭಯ. ಇದಕ್ಕೆ ಆಧಾರವಿದೆ, ಅದಕ್ಕೇ ಕಡಿಮೆ ಡೋಸಿನಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ಮದ್ಯ ಬೇಡ, ವೈದ್ಯರಿಗೆ ಹೇಳದೆ ನಿದ್ದೆ ಮಾತ್ರೆಯೂ ಬೇಡ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಗಾಲಕ್ಕೆ ಉಳಿಸಿಡಬೇಕು ಎಂಬ ಮಾತನ್ನು ಉಪಶಾಮಕ ವೈದ್ಯರು ಒಪ್ಪುವುದಿಲ್ಲ. ಅವರು ನೋಡುವುದು ನೋವು ಎಷ್ಟಿದೆ ಎಂಬುದನ್ನು, ಎಷ್ಟು ದಿನ ಉಳಿದಿದೆ ಎಂಬುದನ್ನಲ್ಲ. ಕಿಮೋ ನಡೆಯುತ್ತಿರುವಾಗಲೂ ಮಾರ್ಫಿನ್ ಕೊಡುವುದುಂಟು.

ನೋವನ್ನು ಹೇಳುವುದೂ ಒಂದು ಕೆಲಸವೇ. ಸೊಲ್ಲಾಪುರ, ವಿಜಯಪುರದ ಕಡೆಯಿಂದ ಪುಣೆಗೆ ಬಂದ ಅಜ್ಜಿಗೆ ಮರಾಠಿಯ "ದುಖತಂಯ್ ಕಾ?" ಎಂಬ ಪ್ರಶ್ನೆ ದುಃಖದ ವಿಚಾರಣೆಯಂತೆ ಕೇಳಿಸಬಹುದು, ಡಾಕ್ಟರು ಕೇಳಿದ್ದು ನೋವನ್ನು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಅವರನ್ನೇ ಕೇಳಿ ಬರೆದಿಡಿ. ಉರಿಯೇ, ಜೋಮೇ, ಕರೆಂಟ್ ಹೊಡೆದಂತೆಯೇ ಎಂದೂ ಬರೆಯಿರಿ. ಅಂಥದ್ದು ನರದ ನೋವಿರಬಹುದು, ಅದಕ್ಕೆ ಮಾರ್ಫಿನ್ ಜೊತೆ ಬೇರೆ ಮಾತ್ರೆಯೂ ಬೇಕಾಗುತ್ತದೆ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ನೋವು ಬಂದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ. ನಡುವೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್ ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. 12 ಗಂಟೆಯ ಮಾತ್ರೆಯನ್ನು ಪುಡಿಮಾಡಬೇಡಿ, ಔಷಧವೆಲ್ಲ ಒಮ್ಮೆಗೇ ಒಳಸೇರುತ್ತದೆ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಚೀಟಿಯಲ್ಲಿ ಮಲ ಸಡಿಲಿಸುವ ಔಷಧ ಇಲ್ಲದಿದ್ದರೆ ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ. ಇದೊಂದನ್ನು ಮರೆತು ಮಾರ್ಫಿನ್ ಬಿಟ್ಟವರು ಬಹಳ.

ಮಾತ್ರೆಗಳನ್ನು ಬೀಗವಿರುವ ಕಡೆ ಇಡಿ, ಕೊಟ್ಟ ಲೆಕ್ಕ ಬರೆಯಿರಿ. ಉಳಿದರೆ ಬೇರೆಯವರಿಗೆ ಕೊಡದೆ, ತಂದ ಕೇಂದ್ರಕ್ಕೇ ಒಯ್ದು ಏನು ಮಾಡಬೇಕೆಂದು ಕೇಳಿ.