ನಾಗಪುರದ ಗೆಳೆಯನಿಗೆ ಕೆಜಿಎಫ್ ತೋರಿಸಿದ್ದು

ಪೋಸ್ಟ್ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ನಮ್ಮವರು ಊರು ನೋಡೋಕೆ ಹೊರಟರೆ ಏನಾಗುತ್ತೆ ಅನ್ನೋದಕ್ಕೂ ಒಂದು ಚರಿತ್ರೆ ಇದೆ. 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ಎಲ್ಲೋರಾದ ಬೌದ್ಧ ಗುಹೆಗಳನ್ನು ನೋಡಲು ಹೊರಟಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ರಂಜಾನ್ ತಿಂಗಳು. ಕೋಟೆ ಬಾಗಿಲ ಹತ್ತಿರ ತುಂಬಿದ ಕೊಳ ಇತ್ತು, ಮೈಮೇಲೆಲ್ಲ ದಾರಿಯ ಧೂಳಿತ್ತು. ಕೆಲವರು ಕೈಕಾಲು ಮುಖ ತೊಳೆದರು, ಅಷ್ಟೇ. ಒಬ್ಬ ಮುದುಕ ಕೂಗಾಡುತ್ತ ಬಂದ, ಕೊಳ ಮೈಲಿಗೆ ಆಯ್ತು ಅಂತ. ಜನ ಸೇರಿದರು, ಬೈಗುಳ ಶುರುವಾಯ್ತು. ಕೊನೆಗೆ ಕೋಟೆಯೊಳಗೆ ಎಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತು, ಮುಟ್ಟದಂತೆ ನೋಡ್ಕೊಳ್ಳೋಕೆ ಜೊತೆಗೊಬ್ಬ ಸಿಪಾಯಿ. ದುಂಡುಮೇಜಿನ ಸಭೆಗೆ ಹೋಗಿ ಬಂದಿದ್ದ ಬ್ಯಾರಿಸ್ಟರ್ ಕೋಟೆ ನೋಡಿದ್ದು ಹೀಗೆ. ಅದಕ್ಕೂ ಮೊದಲು, 1917ರಲ್ಲಿ, ಬರೋಡಾದಲ್ಲಿ ಉಳಿಯಲು ಜಾಗ ಸಿಗದೆ ಪಾರ್ಸಿ ಹೆಸರಿಟ್ಟುಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಎರಡನ್ನೂ ಅವರೇ ಬರೆದಿಟ್ಟಿದ್ದಾರೆ.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಾಲ್ಕು ವರ್ಷದಿಂದ ಫೋನಿನಲ್ಲೇ ಮಾತಾಡಿಕೊಂಡಿದ್ದ ನಾಗಪುರದ ಗೆಳೆಯ ಮೊನ್ನೆ ಮೊದಲ ಸಲ ನಮ್ಮ ಕಡೆ ಬಂದ. ಒಬ್ಬರ ಮುಖ ಒಬ್ಬರು ನೇರ ನೋಡಿರಲಿಲ್ಲ. ಬರೋ ಮುಂಚೆ ಮೆಸೇಜ್ ಹಾಕಿದ್ದ, "ದಾದಾ, ನಿಮ್ಮೂರಲ್ಲಿ ಒಳ್ಳೆ ಲಾಡ್ಜ್ ಇದೆಯಾ?" ಅಂತ. ಲಾಡ್ಜ್ ಯಾಕಪ್ಪಾ, ಮನೆ ಇದೆ ಬಾ ಅಂದೆ. ನಮ್ಮ ಮನೆ ಬಂಗಾರಪೇಟೆಯಲ್ಲಿ. ರಾತ್ರಿ ಅಮ್ಮ ಮುದ್ದೆ ಬಸ್ಸಾರು ಇಟ್ಟರೆ ಮುದ್ದೆನ ಅಗಿಯೋಕೆ ಹೋದ. ನುಂಗಬೇಕು ಅಂತ ಹೇಳಿಕೊಡೋಕೆ ಅರ್ಧ ಗಂಟೆ ಆಯ್ತು.

ಏನು ನೋಡ್ತೀಯ ಅಂತ ಕೇಳಿದೆ. ಅಂತರಗಂಗೆ ಬೇಡ, ಸೋಮೇಶ್ವರ ದೇವಸ್ಥಾನ ಬೇಡ, ಕೋಟಿಲಿಂಗವೂ ಬೇಡ. "ಕೆಜಿಎಫ್ ತೋರಿಸು" ಅಂದ. 2018ರಲ್ಲಿ ಬಂದ ಸಿನಿಮಾನ ಹಿಂದಿಯಲ್ಲಿ ಮೂರು ಸಲ ನೋಡಿದಾನಂತೆ. ಸರಿ, ತೋರಿಸ್ತೀನಿ, ಆದರೆ ನಾನು ತೋರಿಸೋ ಕೆಜಿಎಫ್ ಬೇರೆ ಅಂದೆ.

ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಹೋದರೆ ಅವನಿಗೆ ಮೊದಲ ಆಶ್ಚರ್ಯ. ಜನಸಾಗರ ಎಲ್ಲ ಬೆಂಗಳೂರು ಕಡೆಗೆ. ನಾವಿಬ್ಬರು ಉಲ್ಟಾ, ಮಾರಿಕುಪ್ಪಂ ಕಡೆಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಊರಿನ ಹೊಟ್ಟೆಪಾಡು ರೈಲಿನ ಮೇಲೆ ನಿಂತಿದೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತಾರೆ. ಅಪ್ಪಂದಿರೂ ಹಂಗೇ ಇದ್ದರು, ನೆಲದ ಕೆಳಗೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ನಿಲ್ದಾಣದ ಹೆಸರು ಓದ್ತಾ ಹೋದ. ರೈಲು ಹಳಿ ಬಂದಿದ್ದು ಗಣಿಗಾಗಿ. ಕರೆಂಟು ಬಂದಿದ್ದೂ ಗಣಿಗಾಗಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ.

ಮೊದಲು ಅವನ ಆಸೆ ತೀರಿಸಿಬಿಡೋಣ ಅಂತ ಸೈನೈಡ್ ದಿಬ್ಬಕ್ಕೆ ಕರಕೊಂಡು ಹೋದೆ. ಸಿನಿಮಾದ ಕೆಲವು ಭಾಗ ಚಿತ್ರೀಕರಣ ಆಗಿದ್ದು ಇಲ್ಲೇ. ಸೆಲ್ಫಿ ತಗೊಂಡ, ಕೈ ಎತ್ತಿ ಡೈಲಾಗ್ ಹೊಡೆದ. ಆಮೇಲೆ ಬಗ್ಗಿ ಮಣ್ಣು ಮುಟ್ಟಿ ನೋಡಿದ. ಹಿಟ್ಟಿನ ಥರ ನುಣ್ಣಗಿತ್ತು. ಇದು ಬೆಟ್ಟ ಅಲ್ಲ ಕಣೋ, ಇದು ಲೆಕ್ಕ ಅಂದೆ. ಅದಿರನ್ನು ಕುಟ್ಟಿ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕೆಸರನ್ನು ತಂದು ಇಲ್ಲಿ ಸುರಿದರು. 120 ವರ್ಷದಲ್ಲಿ ಹೊರಗೆ ಹೋದ ಚಿನ್ನ 800 ಟನ್ನಿಗೂ ಮೇಲೆ ಅಂತ ಹೇಳ್ತಾರೆ. ಆ ಚಿನ್ನ ಊರಲ್ಲಿ ಉಳಿಯಲಿಲ್ಲ, ದಿಬ್ಬ ಉಳಿಯಿತು. ಗಾಳಿ ಬೀಸಿದರೆ ಈ ಪುಡಿ ಮನೆಗಳಿಗೆ ಬರುತ್ತೆ, ಸಾರಿನ ಪಾತ್ರೆಗೆ ಬರುತ್ತೆ, ಒಣಗಿದ ಬಟ್ಟೆಗೆ ಬರುತ್ತೆ.

ನೆಲದ ಒಳಗಿನ ಧೂಳಿನ ಕತೆ ಇನ್ನೂ ಘೋರ. 1940ರ ದಶಕದಲ್ಲಿ ಇಲ್ಲಿನ ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಬಂಡೆ ಕೊರೆಯುವಾಗ ಎದ್ದ ಕಲ್ಲುಪುಡಿ ಶ್ವಾಸಕೋಶದಲ್ಲಿ ಕೂತು ಮನುಷ್ಯ ಉಸಿರಿಗಾಗಿ ಒದ್ದಾಡಿ ಸಾಯೋ ಕಾಯಿಲೆ. ಯಾರ ಶ್ವಾಸಕೋಶ? ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದವರದ್ದು. ಅವರಲ್ಲಿ ಬಹುಪಾಲು ಹೊಲೆಗೇರಿಯಿಂದ ಬಂದವರು, ಜಮೀನ್ದಾರನ ಜೀತದಿಂದ ತಪ್ಪಿಸಿಕೊಂಡು ಬಂದವರು. ಜಾನ್ ಟೇಲರ್ ಕಂಪನಿ 1880ರಿಂದ ಗಣಿ ನಡೆಸೋಕೆ ಶುರು ಮಾಡಿದಾಗ ಕೆಳಗೆ ಇಳಿಯಲು ಬೇಕಾಗಿದ್ದುದು ಇಂಥವರೇ.

ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ತಾತ ನನಗೆ ಪರಿಚಯ. ಅವರ ಲೈನ್ ಮನೆ ಜಗಲಿ ಮೇಲೆ ಕೂತ್ವಿ. ತಾತ ತಮಿಳಲ್ಲಿ ಹೇಳಿದ್ದನ್ನ ನಾನು ನನಗೆ ಬರೋ ಹರಕು ಹಿಂದಿಯಲ್ಲಿ ಗೆಳೆಯನಿಗೆ ಹೇಳ್ತಿದ್ದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಒಂದೇ ಕೇಜಿನಲ್ಲಿ ಕೆಳಗೆ ಹೋಗೋಕಾಗಲ್ಲ, ಇಳಿದು ಇನ್ನೊಂದು ಹತ್ತಬೇಕು. ತಳದಲ್ಲಿ ಬಂಡೆಯೇ ಬಿಸಿ. ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಊರಲ್ಲಿ ಮನೆ ನಡುಗೋದು, ಹೆಂಗಸರು ಶಾಫ್ಟ್ ಬಾಯಿಗೆ ಓಡೋರು. "ಏರ್ ಬ್ಲಾಸ್ಟ್ ಅಂತಿದ್ವಿ" ಅಂದ್ರು ತಾತ. ಶಿಫ್ಟ್ ಮುಗಿಸಿ ಮೇಲೆ ಬಂದರೆ ಮೈಯೆಲ್ಲ ತಡಕಿ ನೋಡೋರು, ಚಿನ್ನ ಕದ್ದಿದ್ದಾನಾ ಅಂತ. ಗೆಳೆಯ ಕೇಳಿದ, "ತಾತಾ, ಕೆಜಿಎಫ್ ಸಿನಿಮಾ ನೋಡಿದ್ರಾ?" ತಾತ ನಕ್ಕರು. "ನೋಡಿದೆ. ಅದರಲ್ಲಿ ನಮ್ಮೋರು ಎಲ್ಲಿದಾರಪ್ಪಾ?"

ನನ್ನ ತಕರಾರೂ ಅದೇ. ಸಿನಿಮಾದಲ್ಲಿ ಕಾರ್ಮಿಕರು ಬಾಯಿಲ್ಲದ ಗುಲಾಮರು, ಬಿಡಿಸೋಕೆ ಹೊರಗಿನಿಂದ ಒಬ್ಬ ಹೀರೋ ಬರಬೇಕು. ನಿಜವಾದ ಕೆಜಿಎಫ್‌ನಲ್ಲಿ ಯಾವ ಹೀರೋನೂ ಬರಲಿಲ್ಲ, ಅವರೇ ಎದ್ದು ನಿಂತರು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತಗೋಬೇಕು ಅಂತ ಕಂಪನಿ ಹೊರಟಾಗ, ನಾವೇನು ಕಳ್ಳರಾ ಅಂತ ತಿರುಗಿಬಿದ್ದು ಸುಮಾರು ಮೂರು ವಾರ ಗಣಿಗಳನ್ನೇ ನಿಲ್ಲಿಸಿದರು. ಗಾಂಧೀಜಿ ಉಪ್ಪಿನ ಸತ್ಯಾಗ್ರಹ ನಡೆಸಿದ ವರ್ಷವೇ ಇದು. ಒಂದು ಪಠ್ಯಪುಸ್ತಕದಲ್ಲಿದೆ, ಇನ್ನೊಂದು ಇಲ್ಲ. 1946ರ ನವೆಂಬರಿನಲ್ಲಿ ಪೊಲೀಸರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು, ಆರು ಜನ ಸತ್ತರು. ಈ ಊರಿನವರು ಇವತ್ತಿಗೂ ಅವರನ್ನು ಹುತಾತ್ಮರು ಅಂತಾರೆ. 2024ರಲ್ಲಿ ಬಂದ ಪಾ. ರಂಜಿತ್ ಅವರ 'ತಂಗಲಾನ್' ಈ ಜನರ ಕಡೆಯಿಂದ ಕತೆ ಹೇಳೋ ಕೆಲಸವನ್ನಾದರೂ ಮಾಡಿತು. ನಮ್ಮ ಥಿಯೇಟರುಗಳಲ್ಲಿ ಎಷ್ಟು ದಿನ ಓಡಿತು ಅಂತ ಕೇಳಬೇಡಿ.

ಈಗ ಗೆಳೆಯನಿಗೆ ತೋರಿಸಲೇಬೇಕು ಅಂತ ನಾನು ಇಟ್ಟುಕೊಂಡಿದ್ದ ವಿಷಯಕ್ಕೆ ಬರ್ತೀನಿ. ಅವನು ದೀಕ್ಷಾಭೂಮಿಯ ಊರಿನವನು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರ ಜೊತೆ ಲಕ್ಷಾಂತರ ಜನ ಬೌದ್ಧರಾದ ಊರು. ಅವನ ಅಜ್ಜ ಆ ಮೈದಾನದಲ್ಲಿದ್ದರು, ಆ ಹೆಮ್ಮೆ ಅವನ ಮಾತಿನಲ್ಲಿ ಯಾವಾಗಲೂ ಇರುತ್ತೆ, ಇರಬೇಕಾದ್ದೇ. ನಾನು ಮಾರಿಕುಪ್ಪಂ ಬೀದಿಯಲ್ಲಿ ನಿಲ್ಲಿಸಿ ಹೇಳಿದೆ: ನಿಮ್ಮ ನಾಗಪುರಕ್ಕಿಂತ ಸುಮಾರು ಐವತ್ತು ವರ್ಷ ಮೊದಲು ಇಲ್ಲಿನ ಗಣಿ ಕಾರ್ಮಿಕರು ಬುದ್ಧನ ಕಡೆ ಹೋಗಿದ್ದರು ಕಣೋ.

ಅವನು ನಂಬಲಿಲ್ಲ. ನಿಮ್ಮಲ್ಲೂ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಪಂಡಿತ ಅಯೋತಿ ದಾಸರು ಮದ್ರಾಸಿನ ಸಿದ್ಧವೈದ್ಯರು. 1898ರಲ್ಲಿ ಶ್ರೀಲಂಕಾಕ್ಕೆ ಹೋಗಿ ಬೌದ್ಧ ಧರ್ಮ ಸ್ವೀಕರಿಸಿ ಬಂದು ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಮ್ಮ ಪೂರ್ವಿಕರು ಮೂಲತಃ ಬೌದ್ಧರು, ಬೌದ್ಧರಾಗಿದ್ದಕ್ಕೇ ಅವರನ್ನು ಊರಾಚೆ ತಳ್ಳಿದರು ಅನ್ನೋದು ಅವರ ವಾದ. ಬಾಬಾಸಾಹೇಬರು 1948ರ ತಮ್ಮ 'ಅಸ್ಪೃಶ್ಯರು' ಪುಸ್ತಕದಲ್ಲಿ ಬೇರೆ ದಾರಿಯಿಂದ ಬಂದು ಮುಟ್ಟಿದ್ದೂ ಇಂಥದ್ದೇ ಜಾಗಕ್ಕೆ. 1907ರಲ್ಲಿ ದಾಸರು 'ಒರು ಪೈಸಾ ತಮಿಳನ್' ಅನ್ನೋ ವಾರಪತ್ರಿಕೆ ಶುರು ಮಾಡಿದರು. ಒಂದು ಪೈಸೆಯ ಪತ್ರಿಕೆ. ಅದನ್ನು ಕೊಂಡು, ಓದಿ, ಓದಲು ಬಾರದವರಿಗೆ ಓದಿ ಹೇಳಿ, ದುಡ್ಡು ಕಳಿಸಿ ಬದುಕಿಸಿದವರಲ್ಲಿ ಕೋಲಾರ ಗಣಿಯವರು ಮುಂದಿನ ಸಾಲಿನವರು. ಆ ದಶಕದಲ್ಲೇ ಮಾರಿಕುಪ್ಪಂನಲ್ಲಿ ಸಂಘದ ಶಾಖೆ ನಡೀತಿತ್ತು. ಎಂ.ವೈ. ಮುರುಗೇಸರ್ ಅಂಥವರು ಮುಂದೆ ನಿಂತರು. 1911ರ ಜನಗಣತಿಯಲ್ಲಿ ಜಾತಿ ಬರೆಸಬೇಡಿ, ಬೌದ್ಧ ಅಂತ ಬರೆಸಿ ಅನ್ನೋ ಪ್ರಚಾರ ನಡೆಯಿತು. 1914ರಲ್ಲಿ ದಾಸರು ತೀರಿಕೊಂಡರು, ಮುಂದೆ ಪತ್ರಿಕೆ ನಿಂತುಹೋಯಿತು. ಅದನ್ನು 1926ರಲ್ಲಿ ಮತ್ತೆ ಹೊರಡಿಸಿದ್ದು ಎಲ್ಲಿಂದ ಗೊತ್ತಾ? ಮದ್ರಾಸಿನಿಂದ ಅಲ್ಲ, ಕೆಜಿಎಫ್‌ನಿಂದ. ಸಂಪಾದಕರು ಜಿ. ಅಪ್ಪಾದುರೈಯಾರ್. ಎದೆಯಲ್ಲಿ ಕಲ್ಲುಪುಡಿ ತುಂಬಿಕೊಂಡು ಮೇಲೆ ಬಂದ ಜನ, ಮೈ ತಡಕಿಸಿಕೊಂಡು ಮನೆಗೆ ಹೋದ ಜನ, ಕೂಲಿಯಲ್ಲಿ ಉಳಿಸಿ ಪತ್ರಿಕೆ ಸಾಕಿದರು. ಇವರನ್ನು ಬಾಯಿಲ್ಲದವರು ಅಂತ ತೋರಿಸ್ತೀರಲ್ಲ ಸ್ವಾಮಿ!

ಇನ್ನೊಂದು ಕೊಂಡಿ ಇದೆ. ಅದೇ ಮದ್ರಾಸಿನ ಬೌದ್ಧ ಬಳಗದ ಪಿ. ಲಕ್ಷ್ಮೀ ನರಸು 1907ರಲ್ಲಿ ಬೌದ್ಧ ಧರ್ಮದ ಸಾರದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. 1948ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿ ಮುನ್ನುಡಿ ಬರೆದವರು ಬಾಬಾಸಾಹೇಬರು. ಅಂದರೆ ದೀಕ್ಷಾಭೂಮಿಗೆ ಹೋಗೋ ದಾರಿಯಲ್ಲಿ ದಕ್ಷಿಣದ ಈ ಜನರ ಹೆಜ್ಜೆಗಳೂ ಇವೆ. 1954ರಲ್ಲಿ ಬಾಬಾಸಾಹೇಬರು ಕೆಜಿಎಫ್‌ಗೂ ಬಂದು ಹೋದರು. ಮುಂದೆ ಅವರ ಹೆಸರಿನ ರಿಪಬ್ಲಿಕನ್ ಪಕ್ಷದಿಂದ ಸಿ.ಎಂ. ಆರ್ಮುಗಂ ಇಲ್ಲಿಂದ ವಿಧಾನಸಭೆಗೆ ಗೆದ್ದರು. ಇದನ್ನು ಕೇಳಿ ಗೆಳೆಯ ರಸ್ತೆ ಮಧ್ಯೆಯೇ ನಿಂತುಬಿಟ್ಟ. "ನಮಗೆ ಇದನ್ನ ಯಾರೂ ಹೇಳಲೇ ಇಲ್ಲವಲ್ಲ ದಾದಾ" ಅಂದ.

ಯಾರು ಹೇಳಬೇಕಿತ್ತು? ಕರ್ನಾಟಕದ ಚರಿತ್ರೆ ಬರೆಯೋರಿಗೆ ಇವರು ತಮಿಳರು. ತಮಿಳುನಾಡಿನವರಿಗೆ ಇವರು ಮೈಸೂರಿಗೆ ಹೋದವರು. ಕಮ್ಯುನಿಸ್ಟರಿಗೆ ಇವರು ಕಾರ್ಮಿಕರು, ಬುದ್ಧ ಅಂದರೆ ಅವರಿಗೆ ಮುಜುಗರ. ನಮ್ಮ ಕನ್ನಡ ದಲಿತ ಚಳವಳಿಯ ಚರಿತ್ರೆಯನ್ನೂ ನಾವು ಸಾಮಾನ್ಯವಾಗಿ ಎಪ್ಪತ್ತರ ದಶಕದಿಂದಲೇ ಶುರು ಮಾಡ್ತೀವಿ. ಇದೇ ಕೋಲಾರ ಜಿಲ್ಲೆ ಡಿಎಸ್‌ಎಸ್ ಬೆಳೆದ ನೆಲ, ನಿಜ. ಆದರೆ ಅದಕ್ಕೆ ಅರ್ಧ ಶತಮಾನ ಮೊದಲೇ ಬಂಗಾರಪೇಟೆಯಿಂದ ಕೂಗಳತೆಯ ದೂರದಲ್ಲಿ ದಲಿತರ ಪತ್ರಿಕೆ ಅಚ್ಚಾಗ್ತಿತ್ತು. ಭಾಷೆ ಬೇರೆ ಅನ್ನೋ ಒಂದೇ ಕಾರಣಕ್ಕೆ ಅದು ನಮ್ಮದಲ್ಲ ಅನ್ನೋಕಾಗುತ್ತಾ? ಗಣಿ ಕಾರ್ಮಿಕರ ಬಗ್ಗೆ ಜಾನಕಿ ನಾಯರ್, ಈ ಬೌದ್ಧ ಚಳವಳಿಯ ಬಗ್ಗೆ ಜಿ. ಅಲೋಶಿಯಸ್, ಇಬ್ಬರೂ 1998ರಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ತಂದಿದ್ದಾರೆ. ಕನ್ನಡದಲ್ಲಿ ಇವುಗಳ ಚರ್ಚೆ ಎಷ್ಟಾಗಿದೆ?

ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಟೀ ಕುಡೀತಾ ಗೆಳೆಯ ಲೆಕ್ಕ ಹಾಕಿದ. ಇಡೀ ದಿನ ಸುತ್ತಿದ್ವಿ, ಬ್ರಿಟಿಷರ ಬಂಗಲೆ ಯಾವುದು, ಕ್ಲಬ್ ಯಾವುದು ಅಂತ ಯಾರನ್ನ ಕೇಳಿದರೂ ಹೇಳ್ತಾರೆ. 'ತಮಿಳನ್' ಎಲ್ಲಿ ಅಚ್ಚಾಗ್ತಿತ್ತು ಅಂತ ಕೇಳಿದರೆ ಅಂಗಡಿಯವರು ಮುಖ ಮುಖ ನೋಡ್ಕೊಂಡರು. ಒಬ್ಬ ಹುಡುಗ, "ಸಿನಿಮಾ ಸೆಟ್ ನೋಡೋಕೆ ಬಂದಿದ್ದೀರಾ ಸಾರ್?" ಅಂತ ಕೇಳಿದ.

ಈಗ ಆ ದಿಬ್ಬಗಳನ್ನು ಹರಾಜು ಹಾಕೋ ಮಾತು ಮತ್ತೆ ನಡೀತಿದೆ. ಆ ಪುಡಿಯಲ್ಲಿ ಇನ್ನೂ ಚಿನ್ನ ಇದೆ. ಚಿನ್ನದ ರೇಟು ಏರಿದ ಹಾಗೆ ಕಸವೂ ಆಸ್ತಿ ಆಗುತ್ತೆ. ದಿಬ್ಬ ಯಾರಿಗೆ ಹೋಗುತ್ತೆ ಅನ್ನೋ ಚರ್ಚೆ ಪೇಪರಿನಲ್ಲಿ ಬರುತ್ತೆ. ದಿಬ್ಬದ ಪಕ್ಕದ ಲೈನ್ ಮನೆಗಳಲ್ಲಿ ನಾಲ್ಕು ತಲೆಮಾರಿನಿಂದ ಇರೋರಿಗೆ ಏನು ಸಿಗುತ್ತೆ, ಧೂಳು ಮತ್ತೆ ಎದ್ದರೆ ಯಾರ ಎದೆಗೆ ಹೋಗುತ್ತೆ ಅನ್ನೋದು ಅದರಲ್ಲಿ ಬರಲ್ಲ. ಪ್ರವಾಸಿ ತಾಣ ಮಾಡ್ತೀವಿ ಅನ್ನೋರೂ ಇದ್ದಾರೆ. ಮಾಡಲಿ. ಅಲ್ಲಿ ನಿಲ್ಲಿಸೋ ಬೋರ್ಡಿನಲ್ಲಿ ಟೇಲರ್ ಕಂಪನಿ ಹೆಸರಿನ ಜೊತೆ ಮುರುಗೇಸರ್, ಅಪ್ಪಾದುರೈಯಾರ್ ಹೆಸರೂ, 1930, 1946 ಅನ್ನೋ ಇಸವಿಗಳೂ ಇರಲಿ, ಕನ್ನಡದಲ್ಲೂ ತಮಿಳಲ್ಲೂ.

ಗೆಳೆಯ ಊರಿಗೆ ಹೋಗಿ ಇದನ್ನೆಲ್ಲ ಮರಾಠಿಯಲ್ಲಿ ಬರೀತಿದಾನೆ, ದಿನಾ ಒಂದೊಂದು ಇಸವಿ ಕೇಳಿ ಫೋನ್ ಮಾಡ್ತಾನೆ. ಕೆಜಿಎಫ್, ಬಂಗಾರಪೇಟೆ, ಮಾಲೂರು ಕಡೆಯ ಗೆಳೆಯರಲ್ಲಿ ಒಂದು ಕೋರಿಕೆ: ಅಜ್ಜ ಅಜ್ಜಿಯರ ಟ್ರಂಕಿನಲ್ಲಿ ಹಳೇ 'ತಮಿಳನ್' ಸಂಚಿಕೆ, ಸಂಘದ ರಸೀದಿ, ಬುದ್ಧ ಜಯಂತಿ ಕರಪತ್ರ, ಏನೇ ಇದ್ದರೂ ರದ್ದಿಗೆ ಹಾಕಬೇಡಿ. ನನಗೆ ತಿಳಿಸಿ, ಮನೆಗೇ ಬಂದು ಫೋಟೋ ತೆಗೆದುಕೊಂಡು ಅಲ್ಲೇ ವಾಪಸ್ ಕೊಟ್ಟು ಬರ್ತೀನಿ.