ಎಲೆ ಉದುರುವ ಕಾಲ, ಕೆರೆ ಕಾಯುವ ಕಾಲ

ಜಪಾನಿನ ನಿಕ್ಕೋ ಬೆಟ್ಟಸಾಲಿನಲ್ಲಿ ಚೂಝೆಂಜಿ ಎಂಬ ಸರೋವರವಿದೆ. ಪ್ರತಿವರ್ಷ ಅಕ್ಟೋಬರ್ ತಿಂಗಳ ಉತ್ತರಾರ್ಧದಲ್ಲಿ ಅದರ ದಡದ ಮರಗಳು ಕೆಂಪು, ಹಳದಿ ಬಣ್ಣಕ್ಕೆ ತಿರುಗುತ್ತವೆ. ಅದನ್ನು ನೋಡಲೆಂದೇ ಜನರು ಕುಟುಂಬ ಸಮೇತ ಹೊರಡುತ್ತಾರೆ. ಕೆಂಪೆಲೆಗಳನ್ನು ಅರಸಿ ಹೋಗುವ ಈ ಪದ್ಧತಿಗೆ ಅವರ ಭಾಷೆಯಲ್ಲಿ ‘ಮೊಮಿಜಿಗಾರಿ’ ಎಂಬ ಹೆಸರೇ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಿಸಿಲುನಾಡಿನವರಾದ ನಮಗೆ ಅಂಥ ಭಾಗ್ಯವೆಲ್ಲಿ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿಯೂ ಎಲೆ ಉದುರುವ ಕಾಲವಿದೆ, ಗುಡ್ಡಗಳ ನಡುವೆ ಕೆರೆಗಳಿವೆ. ಆದರೆ ನಮ್ಮ ಹಿರಿಯರು ಆ ಕಾಲದಲ್ಲಿ ಕೆರೆಯ ಬಳಿಗೆ ಹೋಗುತ್ತಿದ್ದುದು ನೋಟಕ್ಕಾಗಿ ಅಲ್ಲ, ಕೆಲಸಕ್ಕಾಗಿ.

ಶೀತದೇಶಗಳಲ್ಲಿ ಹಗಲು ಕುಗ್ಗಿ ಚಳಿ ಹೆಚ್ಚಿದಂತೆ ಎಲೆಯ ಹಸಿರು ಅಳಿಯುತ್ತದೆ. ಆಗ ಬೇರೆ ಬಣ್ಣಗಳು ಕಾಣಿಸಿಕೊಳ್ಳುತ್ತವೆ. ನಮ್ಮ ಎಲೆಯುದುರು ಶರದೃತುವಿನದಲ್ಲ, ಶಿಶಿರದ್ದು. ಇಲ್ಲಿ ಮರಕ್ಕೆ ಸೂಚನೆ ಕೊಡುವುದು ಮಣ್ಣಿನ ತೇವ. ಅದು ಬತ್ತಿದಾಗ, ಇರುವ ನೀರು ಎಲೆಗಳ ಮೂಲಕ ಆವಿಯಾಗದಿರಲೆಂದು ಮರವು ಎಲೆಗಳನ್ನೇ ತ್ಯಜಿಸುತ್ತದೆ. ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ, ಹರಪನಹಳ್ಳಿಯ ಕುರುಚಲು ಕಾಡುಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಕಾಣುವುದು ಈ ದೃಶ್ಯವೇ. ಕೊಟ್ಟೂರೇಶ್ವರ ರಥೋತ್ಸವಕ್ಕೆ ನಡೆದು ಬರುವವರು ಹಾಯುವುದೂ ಇಂಥ ಬರಿಗೊಂಬೆಗಳ ನಡುವಿನಿಂದ. ಆಗಲೇ ಮುತ್ತುಗ ಹೂಬಿಡುತ್ತದೆ, ಅರಳಿ ತಾಮ್ರವರ್ಣದ ಚಿಗುರು ತಳೆಯುತ್ತದೆ.

ಕೆರೆಗಳ ಕಥೆಯೂ ಹಳೆಯದು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ನಮ್ಮ ನೆರೆಯ ಹೊಸಪೇಟೆಯ ಬಳಿ ಶ್ರೀಕೃಷ್ಣದೇವರಾಯನು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ಕೆರೆಯನ್ನು ಕಂಡನು. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದು ಅವನು ಬರೆದಿದ್ದಾನೆ. ಕಟ್ಟುವುದಷ್ಟೇ ಸಾಲದು, ಕಾಪಾಡಬೇಕು. ಅದಕ್ಕಾಗಿ ಈ ಸೀಮೆಯಲ್ಲಿ ‘ದಶಬಂಧ’ ಎಂಬ ಏರ್ಪಾಡಿತ್ತು. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಭೂಮಿಯನ್ನೋ ಕಂದಾಯದ ಒಂದು ಪಾಲನ್ನೋ ಬಿಟ್ಟುಕೊಡುವ ಇನಾಮು ಅದು. ಕೆರೆ ಕೆಡಲು ಬಿಟ್ಟರೆ ಇನಾಮಿಗೆ ಅರ್ಥವಿರಲಿಲ್ಲ.

ಈ ಕೆಲಸಕ್ಕೆ ಒದಗುತ್ತಿದ್ದುದು ಎಲೆ ಉದುರುವ ಕಾಲವೇ. ಸುಗ್ಗಿ ಮುಗಿದು ಎತ್ತುಗಳಿಗೆ ಬಿಡುವು. ಕೆರೆಯ ನೀರು ಇಳಿದು ಅಂಗಳ ತೆರೆದುಕೊಳ್ಳುವ ಹೊತ್ತು. ಹೂಳು ಬಂಡಿಯೇರಿ ಹೊಲಕ್ಕೆ ಹೋಗುತ್ತಿತ್ತು, ಅದೇ ಮಣ್ಣು ಏರಿಗೂ ಬೀಳುತ್ತಿತ್ತು. ಗುಡ್ಡದಲ್ಲಿ ಉದುರಿದ ಎಲೆ ಕೊಳೆತು, ಮಳೆನೀರಿನೊಡನೆ ಕೆರೆಗಿಳಿದು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆದರೆ ಆ ಕಾಲವನ್ನು ಬರಿಯ ಸುವರ್ಣಯುಗವೆಂದು ಬಣ್ಣಿಸುವುದು ಸರಿಯಲ್ಲ. ಬಿಟ್ಟಿದುಡಿಮೆಯ ನೋವೂ ಅದರಲ್ಲಿತ್ತು. ಬುಟ್ಟಿ ಹೊತ್ತವರೆಲ್ಲರಿಗೂ ಕೆರೆಯ ಕೆಳಗೆ ಗದ್ದೆ ಇರಲಿಲ್ಲ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕೆರೆಗಳು ಕ್ರಮೇಣ ಸರ್ಕಾರದ ಲೆಕ್ಕಪುಸ್ತಕಕ್ಕೆ ಸೇರಿದವು. ಊರವರ ಹೊಣೆ ಸಡಿಲಿತು. 1858ರಲ್ಲಿ ಮದ್ರಾಸ್ ಸರ್ಕಾರವು ಕೆರೆಕಟ್ಟೆಗಳ ರಕ್ಷಣೆಗೆ ಜನರು ಬಂದು ದುಡಿಯಲೇಬೇಕೆಂದು ಕಾಯಿದೆ ಮಾಡಿತು. ಡಂಗುರದ ಒಂದು ಮಾತಿಗೆ ಸೇರುತ್ತಿದ್ದ ಜನರನ್ನು ಸೇರಿಸಲು ಕಾಯಿದೆ ಬೇಕಾಯಿತು! ಬಳಿಕ 1876–78ರ ಧಾತು–ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಬಂದಿತು. ಬಳ್ಳಾರಿ ಜಿಲ್ಲೆ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಹಲವು ಹಳ್ಳಿಗಳು ಮುಳುಗಿದವು, ಸಾವಿರಾರು ಎಕರೆಗಳು ಹಸಿರಾದವು. ಮೊದಲಿಗೆ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಚಿಕ್ಕ ಕೆರೆ ಕಲಿಸಿದ ಪಾಠವನ್ನೇ ದೊಡ್ಡ ಜಲಾಶಯವೂ ಕಲಿಸುತ್ತಿದೆ.

ಸಂತೋಷದ ಸುದ್ದಿಯೂ ಉಂಟು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ನೂರು ವರ್ಷಕ್ಕೂ ಹಳೆಯದು. ನೀರಾವರಿಗೆಂದು ಜನರೇ ಕಟ್ಟಿದ್ದು. ಅದರ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ ಮೊದಲಾದ ಸಾವಿರಾರು ಹಕ್ಕಿಗಳು ಗೂಡುಕಟ್ಟುತ್ತವೆ. ಸುಮಾರು 99 ಹೆಕ್ಟೇರಿನ ಈ ತಾಣವು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎನಿಸಿತು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುತಾಣಗಳ ಪಟ್ಟಿಗೆ ಸೇರಿತು. ಊರಿನವರು ಹೊಲಕ್ಕಾಗಿ ಕಟ್ಟಿದ ಕೆರೆಯನ್ನು ಇಂದು ಲೋಕವೇ ಗುರುತಿಸಿದೆ.

ಆದರೂ ಪ್ರತಿ ಬೇಸಿಗೆಯಲ್ಲಿ ನಮ್ಮ ಗುಡ್ಡಗಳಿಗೆ ಬೆಂಕಿ ಬೀಳುತ್ತದೆ. ಹೊಸ ಹುಲ್ಲಿನ ಆಸೆಗೋ, ಸೇದಿ ಎಸೆದ ಬೀಡಿಯ ತುಂಡಿಗೋ ತರಗೆಲೆ ಉರಿಯುತ್ತದೆ. ಎಲೆಯ ಹೊದಿಕೆ ಕಳೆದುಕೊಂಡ ಇಳಿಜಾರು ಮೊದಲ ಬಿರುಮಳೆಗೆ ಸವೆಯುತ್ತದೆ. ಗೊಬ್ಬರವಾಗಿ ಬರಬೇಕಾದುದು ಬರಿಯ ಮರಳಾಗಿ ಕೆರೆಗೆ ಬಂದು ಬೀಳುತ್ತದೆ. ಎಲೆ ಸುಟ್ಟವನು ಕೆರೆಯನ್ನೇ ಹೂಳುತ್ತಾನೆಂದರೆ ತಪ್ಪಲ್ಲ.

ಆತ್ಮೀಯ ಓದುಗರೆ, ಬರುವ ಶಿಶಿರದಲ್ಲಿ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಊರ ಕೆರೆಯ ಏರಿಯ ಮೇಲೆ ನಡೆದು ಬನ್ನಿ. ಎಲೆ ಉದುರುವುದನ್ನು ನೋಡಿ ಸಂತೋಷಪಡಲಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಯಾವ ಗುಡ್ಡದ ನೀರು ಇಲ್ಲಿಗೆ ಬರುತ್ತದೆ ಎಂಬುದನ್ನೂ ತೋರಿಸಿ. ಬಿದ್ದ ಎಲೆಗೆ ಬೆಂಕಿಯಿಡಬಾರದೆಂಬ ಒಂದು ಮಾತು ಅಂದು ಅವರ ಮನಸ್ಸಿನಲ್ಲಿ ನಿಂತರೆ, ನಾಳೆ ಆ ಕೆರೆಯಲ್ಲಿ ಒಂದು ಕೊಡ ನೀರು ಹೆಚ್ಚೇ ನಿಲ್ಲುತ್ತದೆ.