ಸುಂಕದ ಕಟ್ಟೆಯಿಂದ ನೋಂದಣಿ ಫಲಕದವರೆಗೆ

ನಮ್ಮ ಕಿಣತ್ತುಕಡವನ್ನು ಹಾದುಹೋಗುವ ಹೆದ್ದಾರಿಯನ್ನು ನಾವು ದಕ್ಷಿಣಕ್ಕೆ ನಡೆದರೆ ಪೊಳ್ಳಾಚಿ ರಸ್ತೆಯೆಂದೂ ಉತ್ತರಕ್ಕೆ ನಡೆದರೆ ಕೊಯಮತ್ತೂರು ರಸ್ತೆಯೆಂದೂ ಕರೆಯುತ್ತೇವೆ. ಈ ದಾರಿಗೆ ಬಹುಕಾಲ 209ನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಹೆಸರಿದ್ದಿತು. ಅದು ದಿಂಡಿಗಲ್ಲಿನಿಂದ ಹೊರಟು, ಪಳನಿ, ಪೊಳ್ಳಾಚಿ, ಕಿಣತ್ತುಕಡವು, ಕೊಯಮತ್ತೂರು, ಸತ್ಯಮಂಗಲಗಳನ್ನು ಹಾದು, ದಿಂಬದ ಘಟ್ಟದ ಇಪ್ಪತ್ತೇಳು ತಿರುವುಗಳನ್ನೇರಿ, ಚಾಮರಾಜನಗರ, ಕೊಳ್ಳೇಗಾಲ, ಕನಕಪುರಗಳ ಮೂಲಕ ಬೆಂಗಳೂರನ್ನು ಸೇರುತ್ತಿದ್ದಿತು. ಇಂದು ಕೊಯಮತ್ತೂರಿನಿಂದ ದಕ್ಷಿಣದ ಭಾಗಕ್ಕೆ 83 ಎಂದೂ ಉತ್ತರದ ಭಾಗಕ್ಕೆ 948 ಎಂದೂ ಬೇರೆ ಬೇರೆ ಅಂಕೆಗಳು ಬಂದಿವೆ. ಅಂಕೆ ಬದಲಾದರೂ ದಾರಿ ಬದಲಾಗಿಲ್ಲ. ನಮ್ಮ ಊರನ್ನು ಹಾದುಹೋಗುವ ರಸ್ತೆಯೇ ಇಂದಿಗೂ ಕನ್ನಡ ನಾಡಿಗೆ ಹೋಗುವ ರಸ್ತೆಯಾಗಿದೆ.

ಈ ದಾರಿಯಲ್ಲಿ ಓಡಾಡುವ ಬಂಡಿಗಳನ್ನು ಗಡಿಯು ಯಾವ ಯಾವ ಕಾಲದಲ್ಲಿ ಏನೇನು ಕೇಳುತ್ತಾ ಬಂದಿದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಮಗಳನ್ನು ಮೈಸೂರಿಗೆ ಕೊಟ್ಟವರು, ಮಗನನ್ನು ಬೆಂಗಳೂರಿನ ಉದ್ಯೋಗಕ್ಕೆ ಕಳುಹಿಸಿದವರು, ಪಾಲಕ್ಕಾಡಿನಲ್ಲಿ ವ್ಯಾಪಾರವಿರುವವರು ನಮ್ಮಲ್ಲಿ ಅನೇಕರು. ಆದುದರಿಂದ ಇದು ಕೇವಲ ಚರಿತ್ರೆಯ ಕುತೂಹಲವಲ್ಲ, ಮನೆಯ ವ್ಯವಹಾರವೂ ಹೌದು.

ಪ್ರಾಚೀನ ಕಾಲದಲ್ಲಿ ಗಡಿಯ ಪ್ರಶ್ನೆ ಒಂದೇ ಆಗಿದ್ದಿತು: ‘ಬಂಡಿಯಲ್ಲಿ ಏನಿದೆ?’ ಕನ್ನಡ ಶಾಸನಗಳಲ್ಲಿ ಕಾಣುವ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಮಾತುಗಳು ಸುಂಕದ ಬಗೆಗಳನ್ನು ಸೂಚಿಸುವ ಪದಗಳು. ಹೇರಿನ ಎತ್ತು, ಬಂಡಿ, ತಲೆಹೊರೆ ಇವುಗಳ ಮೇಲೆ ಇದ್ದ ಸರಕನ್ನು ನೋಡಿ ಸುಂಕ ಎತ್ತುತ್ತಿದ್ದರು. ಬಂಡಿ ಯಾರದು, ಯಾವ ಊರಿನದು ಎಂಬುದು ಮುಖ್ಯವಾಗಿರಲಿಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮ ಹಿರಿಯರ ಅನುಭವದಿಂದಲೇ ಹುಟ್ಟಿದ್ದು.

ಪಶ್ಚಿಮಘಟ್ಟದ ನಡುವಣ ಪಾಲಕ್ಕಾಡಿನ ಕಣಿವೆಯು ಅನಾದಿಯಿಂದ ವ್ಯಾಪಾರದ ಹೆಬ್ಬಾಗಿಲು. 1800ರಲ್ಲಿ ಮೈಸೂರು, ಕೊಯಮತ್ತೂರು, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಪೊಳ್ಳಾಚಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತ ಸಂಗತಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ಕಡಲಾಚೆಯ ಹಣ ನಮ್ಮ ನೆಲಕ್ಕೆ ಬಂದು ಸೇರುತ್ತಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಕೊಯಮತ್ತೂರು ಸೀಮೆಯು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದುದು ಸರ್ವವಿದಿತ. ಶ್ರೀರಂಗಪಟ್ಟಣವು ಪತನವಾದ ಬಳಿಕ ಅದು ಕಂಪನಿ ಸರ್ಕಾರದ ಕೈಸೇರಿತು. ಅದುವರೆಗೆ ಒಂದೇ ರಾಜ್ಯದೊಳಗಿದ್ದ ಘಟ್ಟದ ಮೇಲಿನ ಮೈಸೂರಿಗೂ ಘಟ್ಟದ ಕೆಳಗಿನ ಕೊಯಮತ್ತೂರಿಗೂ ನಡುವೆ ಆಗ ಗಡಿಯೊಂದು ಮೂಡಿತು. ಒಳನಾಡಿನ ಸಾಗಣೆಯ ಮೇಲೆ ಎತ್ತುತ್ತಿದ್ದ ‘ಸಾಯರ್’ ಸುಂಕವನ್ನು ಮದ್ರಾಸ್ ಅಧಿಪತ್ಯದಲ್ಲಿ 1844ರಲ್ಲಿ ತೆಗೆದುಹಾಕಿದರು. 1865ರಲ್ಲಿ ಬ್ರಿಟಿಷ್ ಇಂಡಿಯಾ, ತಿರುವಾಂಕೂರು, ಕೊಚ್ಚಿ ಇವುಗಳ ನಡುವೆ ನಡೆದ ಒಪ್ಪಂದದಿಂದ ಆ ಸಂಸ್ಥಾನಗಳ ನೆಲಗಡಿಯ ಸುಂಕವೂ ಬಹುಮಟ್ಟಿಗೆ ಕೊನೆಗೊಂಡಿತು. ಪೊಳ್ಳಾಚಿಗೆ ಹೊಂದಿಕೊಂಡಿರುವ ಚಿತ್ತೂರು ತಾಲ್ಲೂಕು ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ಒಪ್ಪಂದವು ನಮ್ಮ ಕಡೆಯ ಎತ್ತಿನ ಬಂಡಿಗಳಿಗೆ ನೇರವಾಗಿ ಸಂಬಂಧಿಸಿದುದು.

ಮೋಟಾರು ಬಂದ ಮೇಲೆ ಗಡಿಯ ಪ್ರಶ್ನೆಯೇ ಬದಲಾಯಿತು. ಎತ್ತಿನ ಬಂಡಿಯನ್ನು ಊರವರೆಲ್ಲ ಗುರುತಿಸಬಲ್ಲರು. ಒಂದೇ ದಿನದಲ್ಲಿ ಮೂರು ಜಿಲ್ಲೆಗಳನ್ನು ದಾಟುವ ಮೋಟಾರನ್ನು ಗುರುತಿಸುವವರು ಯಾರು? 1914ರ ಇಂಡಿಯನ್ ಮೋಟಾರು ವಾಹನಗಳ ಅಧಿನಿಯಮವು ವಾಹನಕ್ಕೆ ನೋಂದಣಿಯನ್ನೂ ಚಾಲಕನಿಗೆ ಪರವಾನಗಿಯನ್ನೂ ವಿಧಿಸಿತು. ಅಲ್ಲಿಂದ ಮುಂದೆ ‘ಬಂಡಿಯಲ್ಲಿ ಏನಿದೆ?’ ಎಂಬ ಪ್ರಶ್ನೆಯ ಜೊತೆಗೆ ‘ಈ ಬಂಡಿ ಯಾರದು, ಎಲ್ಲಿಯದು?’ ಎಂಬ ಪ್ರಶ್ನೆಯೂ ಸೇರಿಕೊಂಡಿತು. ನಮ್ಮ ಸೀಮೆಯಲ್ಲಿ ಮೋಟಾರು ಯುಗವು ಬೆಳೆದ ಬಗೆಯನ್ನು ಹೇಳುವಾಗ ಜಿ. ಡಿ. ನಾಯ್ಡು ಅವರನ್ನು ಮರೆಯುವಂತಿಲ್ಲ. ಅವರು 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಬಸ್ಸನ್ನು ಓಡಿಸಲಾರಂಭಿಸಿದರು. ಜನಸಾಮಾನ್ಯರಿಗೆ ಮೋಟಾರು ಕೈಗೆಟುಕಿದ್ದು ಇಂತಹ ಉದ್ಯಮಿಗಳಿಂದ.

ಮುಂದೆ 1939ರ ಮೋಟಾರು ವಾಹನಗಳ ಅಧಿನಿಯಮವು ಒಂದು ದೊಡ್ಡ ತತ್ತ್ವವನ್ನು ಸ್ಥಾಪಿಸಿತು. ಒಂದು ಪ್ರಾಂತದಲ್ಲಿ ನೋಂದಣಿಯಾದ ವಾಹನವು ಮತ್ತೊಂದು ಪ್ರಾಂತದಲ್ಲಿ ಓಡಾಡಲು ಪುನಃ ನೋಂದಣಿಯಾಗಬೇಕಾಗಿಲ್ಲ. ಆದರೆ ಹನ್ನೆರಡು ತಿಂಗಳಿಗೆ ಮೀರಿ ಅಲ್ಲಿಯೇ ಇರಿಸಿಕೊಂಡರೆ ಹೊಸ ಸಂಖ್ಯೆಯನ್ನು ಪಡೆಯಬೇಕು. ಹಾದುಹೋಗುವುದು ಬೇರೆ, ನೆಲೆಸುವುದು ಬೇರೆ ಎಂಬ ಈ ವಿವೇಚನೆಯೇ ಇಂದಿನವರೆಗೆ ಕಾನೂನಿನ ತಿರುಳಾಗಿ ಉಳಿದುಬಂದಿದೆ. ವಾಚಕರು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ಸುಲಭವಾಗಿ ತಿಳಿಯುವುದು.

ಆದರೆ ಕಾರುಗಳು ನಿಂತಲ್ಲೇ ಇರುವಾಗ ಗಡಿಯೇ ಸರಿದ ವಿಚಿತ್ರವೂ ನಮ್ಮ ಭಾಗದಲ್ಲಿ ನಡೆದಿದೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯದೇ ಭಾಗವಾಗಿದ್ದಿತು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯ ಕಾರಿಗೂ ಪೊಳ್ಳಾಚಿಯ ತೆಂಗಿನ ತೋಟದವರ ಕಾರಿಗೂ ಜಿಲ್ಲೆ ಒಂದೇ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೇ ಹೆಚ್ಚಾಗಿರುವ ತಾಳವಾಡಿಯು ಈ ಕಡೆಯೇ ಉಳಿಯಿತು. ಅದೇ ದಿನ ಮಲಬಾರಿನೊಡನೆ ಪಾಲಕ್ಕಾಡು ಮದ್ರಾಸ್ ರಾಜ್ಯವನ್ನು ಬಿಟ್ಟು ಕೇರಳಕ್ಕೆ ಹೋಯಿತು; ದಕ್ಷಿಣ ಕನ್ನಡವು ಮೈಸೂರಿಗೆ ಬಂದಾಗ ಕಾಸರಗೋಡು ಕೇರಳದ ಪಾಲಾಯಿತು. ಹಿಂದಿನ ದಿನ ಅಕ್ಕನ ಮನೆಗೆ ಹೋಗಿದ್ದ ಕಾರು ಮರುದಿನ ಹೊರರಾಜ್ಯದ ಕಾರಾಗಿದ್ದಿತು!

ಅದೃಷ್ಟವಶಾತ್, ಅಷ್ಟರಲ್ಲಿ ಭಾರತದ ಸಂವಿಧಾನವು ಜಾರಿಗೆ ಬಂದು, ದೇಶದಾದ್ಯಂತ ಸಂಚರಿಸುವ ಹಕ್ಕು ಪ್ರಜೆಗಳಿಗೆ ದೊರೆತಿದ್ದಿತು. ಆದರೆ ವಾಹನಗಳ ಮೇಲಣ ತೆರಿಗೆಯನ್ನು ಅದೇ ಸಂವಿಧಾನವು ರಾಜ್ಯಗಳ ಪಟ್ಟಿಗೆ ಸೇರಿಸಿದೆ. ಸಂಚಾರವು ಇಡೀ ದೇಶದ್ದು, ತೆರಿಗೆಯು ರಾಜ್ಯದ್ದು. ಇಂದಿನ ತೊಡಕುಗಳಿಗೆಲ್ಲ ಮೂಲವು ಇಲ್ಲಿದೆ.

ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನಗಳ ಅಧಿನಿಯಮ. ಇದು 1989ರ ಜುಲೈ 1ರಂದು ಜಾರಿಗೆ ಬಂದಿತು. ನಮ್ಮ ಪೊಳ್ಳಾಚಿಯ ‘ಟಿ.ಎನ್. 41’, ಚಾಮರಾಜನಗರದ ‘ಕೆ.ಎ. 10’, ಪಾಲಕ್ಕಾಡಿನ ‘ಕೆ.ಎಲ್. 09’ ಎಂಬ ಗುರುತುಗಳು ಈ ವ್ಯವಸ್ಥೆಯವೇ. ಅದರ 46ನೆಯ ಪ್ರಕರಣವು ಹಾದುಹೋಗುವವನ ಹಕ್ಕನ್ನು ಕಾಪಾಡುತ್ತದೆ: ಯಾವ ರಾಜ್ಯದಲ್ಲಿ ನೋಂದಣಿಯಾಗಿದ್ದರೂ ಅದು ಇಡೀ ಭಾರತಕ್ಕೆ ಸಲ್ಲುತ್ತದೆ. 47ನೆಯದು ನೆಲೆಸುವವನ ಕರ್ತವ್ಯವನ್ನು ಹೇಳುತ್ತದೆ: ಹನ್ನೆರಡು ತಿಂಗಳಿಗೆ ಮೀರಿದರೆ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕು. 48ನೆಯದು ನಿರಾಕ್ಷೇಪಣಾ ಪತ್ರವನ್ನು, ಎಂದರೆ ಎಲ್ಲರೂ ಎನ್.ಓ.ಸಿ. ಎನ್ನುವ ಕಾಗದವನ್ನು ಕುರಿತದ್ದು.

ಮಗನು ಬೆಂಗಳೂರಿನ ಕೆಲಸವನ್ನು ಬಿಟ್ಟು ಕಾರಿನೊಡನೆ ಊರಿಗೆ ಬಂದು ನೆಲೆಸುವನೆಂದು ಇಟ್ಟುಕೊಳ್ಳಿ. ಮೊದಲು, ಕಾರು ನೋಂದಣಿಯಾಗಿದ್ದ ಕರ್ನಾಟಕದ ಸಾರಿಗೆ ಕಚೇರಿಯಲ್ಲಿ 28ನೆಯ ನಮೂನೆಯಲ್ಲಿ ಎನ್.ಓ.ಸಿ.ಯನ್ನು ಕೇಳಬೇಕು. ತೆರಿಗೆ ಬಾಕಿಯಿಲ್ಲವೆ, ವಾಹನವು ಕಳವಿನದಲ್ಲವೆ ಎಂಬುದನ್ನು ಅವರು ನೋಡುತ್ತಾರೆ. ಸಾಲದಲ್ಲಿ ಕೊಂಡ ಕಾರಾದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಅನಂತರ ಇಲ್ಲಿನ ಕಚೇರಿಯಲ್ಲಿ 27ನೆಯ ನಮೂನೆಯಲ್ಲಿ ಅರ್ಜಿಯಿಟ್ಟು, ಕಾರನ್ನು ತೋರಿಸಿ, ಚಾಸಿ ಮತ್ತು ಎಂಜಿನ್ನಿನ ಸಂಖ್ಯೆಗಳು ತಾಳೆಯಾದ ಬಳಿಕ, ಕಾರಿನ ವಯಸ್ಸಿಗೆ ತಕ್ಕ ತೆರಿಗೆಯನ್ನು ಕಟ್ಟಬೇಕು. ಕೊನೆಗೆ, ಕರ್ನಾಟಕದಲ್ಲಿ ಮೊದಲೇ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಕೇಳಿ ಪಡೆಯಬೇಕು. ಈ ಕೊನೆಯ ಹೆಜ್ಜೆಯನ್ನು ಮರೆತು ಹಣವನ್ನು ಕಳೆದುಕೊಳ್ಳುವವರೇ ಬಹುಮಂದಿ.

ನೆಂಟರಿಂದ ಕಾರನ್ನು ಕೊಂಡವರು ತಿಳಿಯಬೇಕಾದುದು ಇನ್ನೂ ಒಂದಿದೆ. ಕೊಟ್ಟವರೂ ಕೊಂಡವರೂ ಬೇರೆ ಬೇರೆ ರಾಜ್ಯದವರಾದರೆ ಮಾಲೀಕತ್ವದ ಬದಲಾವಣೆಯನ್ನು 45 ದಿನಗಳೊಳಗೆ ತಿಳಿಸಬೇಕೆಂದು ಅದೇ ಅಧಿನಿಯಮವು ಹೇಳುತ್ತದೆ. ಮನೆಯ ಯಜಮಾನರು ತೀರಿಕೊಂಡ ಸಂದರ್ಭದಲ್ಲಿ 30 ದಿನಗಳೊಳಗೆ ಕಚೇರಿಗೆ ಸುದ್ದಿ ಕೊಟ್ಟು, ಮೂರು ತಿಂಗಳೊಳಗೆ ಹೆಸರನ್ನು ಬದಲಾಯಿಸಿಕೊಳ್ಳಬೇಕು. ದುಃಖದ ದಿನಗಳಲ್ಲಿ ಇದು ನೆನಪಿಗೆ ಬಾರದು. ವರ್ಷಗಳು ಕಳೆದು, ಕಾರನ್ನು ಮಾರಹೊರಟಾಗಲೋ ಅಪಘಾತದ ಪರಿಹಾರವನ್ನು ಕೇಳಹೊರಟಾಗಲೋ, ಕಾಗದದಲ್ಲಿ ಇನ್ನೂ ತಂದೆಯವರ ಹೆಸರೇ ಇರುವುದು ಬೆಳಕಿಗೆ ಬರುತ್ತದೆ.

ತೆರಿಗೆಯ ಆಸೆಯಿಂದ ರಾಜ್ಯಗಳು ಈ ಹನ್ನೆರಡು ತಿಂಗಳ ಅವಕಾಶವನ್ನು ಕುಗ್ಗಿಸಲು ಯತ್ನಿಸಿದ್ದೂ ಉಂಟು. ಹೊರರಾಜ್ಯದ ವಾಹನವು 30 ದಿನಗಳಿಗಿಂತ ಹೆಚ್ಚು ಕಾಲ ಬಳಕೆಯಲ್ಲಿದ್ದರೆ ಜೀವಾವಧಿ ತೆರಿಗೆಯನ್ನು ಕಟ್ಟಬೇಕೆಂದು ಕರ್ನಾಟಕವು 2014ರಲ್ಲಿ ತಿದ್ದುಪಡಿ ಮಾಡಿತು. ತಮಿಳುನಾಡಿನ ಸಂಖ್ಯೆ ಹೊತ್ತು ಬೆಂಗಳೂರಿನಲ್ಲಿದ್ದ ನಮ್ಮವರ ಮಕ್ಕಳಿಗೂ ಇದರ ಬಿಸಿ ತಟ್ಟುವಂತಿದ್ದಿತು. 2016ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಅಸಿಂಧುಗೊಳಿಸಿತು. ಊರಿಂದೂರಿಗೆ ವರ್ಗವಾಗುವ ನೌಕರರಿಗಾಗಿ 2021ರ ಸೆಪ್ಟೆಂಬರಿನಲ್ಲಿ ‘ಬಿ.ಎಚ್.’ ಎಂಬ ಭಾರತ ಶ್ರೇಣಿಯ ಸಂಖ್ಯೆಯು ಬಂದಿತು. ಸರ್ಕಾರಿ ನೌಕರರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಸಂಸ್ಥೆಗಳ ನೌಕರರು ಇದನ್ನು ಪಡೆಯಬಹುದು. ಇಂತಹ ಕಾರಿಗೆ ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು.

ಸಮುದ್ರದಾಚೆಯಿಂದ ಕಾರನ್ನು ತರಬಯಸುವವರಿಗಂತೂ ಗಡಿಯು ಹಳೆಯ ಸುಂಕದ ಕಟ್ಟೆಯಾಗಿಯೇ ಉಳಿದಿದೆ. ಪ್ರವಾಸಿಗಳ ಕಾರು ದೇಶದಿಂದ ದೇಶಕ್ಕೆ ಸಾಗಲು 1909ರ ಪ್ಯಾರಿಸ್ ಒಪ್ಪಂದದಿಂದ ಹಿಡಿದು 1954ರ ನ್ಯೂಯಾರ್ಕ್ ಒಪ್ಪಂದದವರೆಗೆ ಹಲವು ಏರ್ಪಾಡುಗಳಾಗಿವೆ. ‘ಕಾರ್ನೆ’ ಎಂಬ ಜಾಮೀನು ಪುಸ್ತಕವಿದ್ದರೆ ಸುಂಕವಿಲ್ಲದೆ ಕಾರನ್ನು ತಂದು, ಗೊತ್ತಾದ ಅವಧಿಯಲ್ಲಿ ಮರಳಿ ಕೊಂಡೊಯ್ಯಬಹುದು. ಇಲ್ಲಿಯೇ ಇರಿಸಿಕೊಳ್ಳಲು ತರುವ ಬಳಸಿದ ಕಾರಿಗೆ ಭಾರತದ ಆಮದು ನೀತಿಯ ನಿಬಂಧನೆಗಳು ಕಠಿಣವಾದವು: ತಯಾರಾಗಿ ಮೂರು ವರ್ಷ ಮೀರಿರಬಾರದು, ಚುಕ್ಕಾಣಿ ಬಲಗಡೆ ಇರಬೇಕು, ವೇಗವನ್ನು ಕಿಲೋಮೀಟರಿನಲ್ಲಿ ತೋರಿಸಬೇಕು, ಇನ್ನು ಐದು ವರ್ಷವಾದರೂ ಓಡುವ ಯೋಗ್ಯತೆಯಿರಬೇಕು, ಮುಂಬಯಿಯ ಬಂದರಿನಲ್ಲಿಯೇ ಇಳಿಯಬೇಕು. ಇವೆಲ್ಲವೂ ಸರಿಹೋದ ಮೇಲೆ ಭಾರಿ ಸುಂಕವುಂಟು. ಎಡಗಡೆಯ ಚುಕ್ಕಾಣಿಯಿರುವ ಕೊಲ್ಲಿ ರಾಷ್ಟ್ರಗಳ ಕಾರನ್ನು ಅಗ್ಗವೆಂದು ತರುವ ಆಸೆಯನ್ನು ಬಿಡುವುದೇ ಲೇಸು.

ಗಡಿ ಎಂಬುದು ಎಷ್ಟು ತೆಳುವಾದ ಗೆರೆಯಾಗಿದ್ದರೂ ಮುಚ್ಚಿದಾಗ ಅದು ಗೋಡೆಯಾಗುತ್ತದೆಂಬುದನ್ನು 2020ರ ಮಹಾಮಾರಿಯು ತೋರಿಸಿತು. ಆ ವರ್ಷದ ಮಾರ್ಚಿಯಲ್ಲಿ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿ ಕಾಣದೆ ಪ್ರಾಣಬಿಟ್ಟರು. ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ತಮಿಳುನಾಡಿನಲ್ಲಿಯೂ ಇ-ಪಾಸ್ ಇಲ್ಲದೆ ಗಡಿ ದಾಟುವಂತಿರಲಿಲ್ಲ. ಮದುವೆಗೂ ಮರಣಕ್ಕೂ ಅನುಮತಿಯನ್ನು ಬೇಡಬೇಕಾಯಿತು. ಕಾನೂನು ಕೊಟ್ಟಿರುವ ಸಂಚಾರದ ಹಕ್ಕಿನ ಬೆಲೆಯು ಗಡಿನಾಡಿನವರಿಗೆ ತಿಳಿದಷ್ಟು ಒಳನಾಡಿನವರಿಗೆ ತಿಳಿಯದು.

ಆದುದರಿಂದ ನಮ್ಮವರು ಗಡಿಯಲ್ಲಿ ಅನಾವಶ್ಯಕವಾಗಿ ಅಂಜಬೇಕಾಗಿಲ್ಲ. ಹಾಗೆಂದು ಅಸಡ್ಡೆಯೂ ಸಲ್ಲದು. ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ, ಚಾಲನಾ ಪರವಾನಗಿ ಈ ನಾಲ್ಕು ಕೈಯಲ್ಲಿದ್ದರೆ ಸಾಕು. 2018ರಿಂದ ಇವನ್ನು ಡಿಜಿಲಾಕರಿನ ಮೂಲಕ ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ. ಕಾರು ಗಡಿ ದಾಟಿ ಬಂದ ದಿನವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಟೋಲಿನ ಚೀಟಿಯೋ ಪೆಟ್ರೋಲಿನ ರಸೀದಿಯೋ ಅದಕ್ಕೆ ಆಧಾರವಾಗಬಲ್ಲದು.

ಇನ್ನೊಂದು ಮಾತು. ಕರ್ನಾಟಕದ ಕಚೇರಿಗಳಿಂದ ಬರುವ ಕಾಗದಗಳು ಕನ್ನಡದಲ್ಲಿರುತ್ತವೆ, ಇಲ್ಲಿನವು ತಮಿಳಿನಲ್ಲಿ. ಮನೆಯಲ್ಲಿ ಕನ್ನಡವನ್ನು ಆಡಬಲ್ಲವರು ಓದಲಾರದೆ, ಅವನ್ನು ಕನ್ನಡ ಪಂಡಿತರ ಬಳಿಗೆ ತರುವುದನ್ನು ನಾನು ಕಂಡಿದ್ದೇನೆ. ಎರಡು ಲಿಪಿಗಳನ್ನೂ ಬಲ್ಲ ಮಗುವೊಂದು ಮನೆಯಲ್ಲಿದ್ದರೆ ಆ ಮನೆಗೆ ಮಧ್ಯವರ್ತಿಯ ಹಂಗಿಲ್ಲ. ‘ಕಡವು’ ಎಂದರೆ ಕನ್ನಡದಲ್ಲಿ ಹೊಳೆಯನ್ನು ದಾಟುವ ಸ್ಥಳ. ಆ ಮಾತನ್ನು ಹೆಸರಿನಲ್ಲಿ ಹೊತ್ತ ಊರಿನವರಾದ ನಾವು ಎರಡು ದಡಗಳನ್ನೂ ಬಲ್ಲವರಾಗಿ ಬಾಳೋಣ.